ಹಗಲಿನ ಗಣಿತಕ್ಕೆ ಕತ್ತರಿ ಹಾಕಬೇಡಿ

ರಾತ್ರಿ ಟೆಲಿಸ್ಕೋಪು, ಹಗಲು ಗಣಿತ ಎಂದು ನಡೆಯುವ ಬೇಸಿಗೆ ಖಗೋಳ ಶಿಬಿರದ ಹುಡುಗಿಯೊಬ್ಬಳ ದಿನಚರಿಯ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಹಗಲಿನ ಗಣಿತ ಕ್ಲಾಸು ಕಡಿಮೆ ಮಾಡಿ ಟೆಲಿಸ್ಕೋಪಿಗೆ ಜಾಸ್ತಿ ಹೊತ್ತು ಕೊಡಬೇಕು ಎಂದು ಬರೆದಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ಅವಳು ರಾತ್ರಿ ತೆಗೆದ ಫೋಟೋದಲ್ಲಿ ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಗ್ರಹಕ್ಕಿಂತ ಸಣ್ಣ ಕಾಯ, ಬರೀ ಒಂದು ಚುಕ್ಕೆ. ಬೇರೆ ಬೇರೆ ರಾತ್ರಿಗಳ ಕನಿಷ್ಠ ಮೂರು ಚುಕ್ಕೆಗಳ ಜಾಗವನ್ನು ಸುತ್ತಲಿನ ನಕ್ಷತ್ರಗಳಿಂದ ಅಳೆದು, ಅದು ಸೂರ್ಯನನ್ನು ಸುತ್ತುವ ದಾರಿ ಕಂಡುಹಿಡಿಯುವುದು ಹಗಲಲ್ಲೇ ಅಲ್ವಾ? 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜಿ ಕಂಡ, ಮೊದಲು ಸಿಕ್ಕಿದ ಕ್ಷುದ್ರಗ್ರಹ ಸೀರಿಸ್ ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿಗೆ ಮರೆಯಾಯಿತು. ಅದು ಮತ್ತೆ ಎಲ್ಲಿ ಕಾಣಬೇಕು ಎಂದು ಹೇಳಿದ್ದು 24ರ ಹರೆಯದ ಜರ್ಮನ್ ಗಣಿತಜ್ಞ ಗೌಸ್, ಅದೂ ಕಾಗದದ ಮೇಲಿನ ಲೆಕ್ಕದಿಂದ. ವರ್ಷದ ಕೊನೆಗೆ ಅಲ್ಲೇ ಹತ್ತಿರ ಸಿಕ್ಕಿತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ ಕನ್ನಡ ಮೀಡಿಯಂ ಮಕ್ಕಳಿಗೆ ಗಣಿತ ಕಲಿಸುವವಳು. ನಮ್ಮ ಕಾಸರಗೋಡಿನಲ್ಲಿ ಮೇ ತಿಂಗಳಲ್ಲೇ ಸಂಜೆ ಮೋಡ, ಜೂನ್ ಬಂದರೆ ಮಳೆ. ರಾತ್ರಿಯನ್ನೇ ನಂಬಿದರೆ ಶಿಬಿರ ನಡೆಯುವುದಿಲ್ಲ. ಆದರೆ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆ ದಿನ ಯಾವುದೆಂದು ನೋಡಿಯೇ ಮಕ್ಕಳು ಊರಿನ ಅಕ್ಷಾಂಶ ಲೆಕ್ಕ ಹಾಕಬಹುದು. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಸೇರಿ ನೋಡಿದ, ಸೂರ್ಯ ಬಳೆಯಂತೆ ಕಾಣುವ ಕಂಕಣ ಗ್ರಹಣವೂ ಹಗಲಿನದೇ.

ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ: ಆ ಲೆಕ್ಕದ ಕ್ಲಾಸು ಕನ್ನಡದಲ್ಲೂ ಇರಲಿ. ಇಂಗ್ಲಿಷ್, ಮಲಯಾಳದ ನಡುವೆ ನಮ್ಮ ಮಕ್ಕಳು ಪ್ರಶ್ನೆ ಕೇಳಲು ಹಿಂಜರಿದು ಸುಮ್ನೆ ಕೂರುತ್ತಾರೆ, ಗೊತ್ತಿಲ್ಲದೆ ಅಲ್ಲ.