ಹೇಗೂ ಮನೆಯಲ್ಲೇ ಇದ್ದೀಯಲ್ಲ!

‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂಬ ಮಾತನ್ನು ಕಳೆದ ಮೂರು ವಾರಗಳಲ್ಲಿ ಎಷ್ಟು ಜನರ ಬಾಯಿಂದ ಕೇಳಿದ್ದೇನೆಂದರೆ, ಜ್ವರಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಸುಸ್ತು ಮಾಡಿದೆ. ಇಂದು ಬೆಳಿಗ್ಗೆ ಹಳೆಯ ಗೆಳೆಯನೊಬ್ಬ ಆರು ವಾರಗಳ ಆನ್‌ಲೈನ್ ಕೋರ್ಸೊಂದರ ಕೊಂಡಿ ಕಳುಹಿಸಿದ. ಅದರ ಕೆಳಗೆ ‘ಹೇಗೂ ಮನೆಯಲ್ಲೇ ಇದ್ದೀಯಲ್ಲ, ಸಮಯ ಹಾಳುಮಾಡಬೇಡ, ಇದನ್ನು ಮುಗಿಸಿಬಿಡು’ ಎಂದು ಬರೆದು, ಜೊತೆಗೊಂದು ಬಿಗಿದ ಮುಷ್ಟಿಯ ಚಿತ್ರವನ್ನೂ ಅಂಟಿಸಿದ್ದ. ಆ ಸಂದೇಶ ಬಂದಾಗ ನಾನು ಹಾಸಿಗೆಯಿಂದ ಎದ್ದು ನೀರಿನ ಲೋಟದವರೆಗೆ ಹೋಗಿ, ಅಲ್ಲಿಂದ ಹಿಂದಿರುಗಿ, ಆ ಪ್ರಯಾಣದ ದಣಿವು ಆರಿಸಿಕೊಳ್ಳುತ್ತಿದ್ದೆ.

ನನ್ನನ್ನು ಹಾಸಿಗೆಗೆ ಕೆಡವಿದ ಜ್ವರ ಬಿಟ್ಟು ಬಹಳ ದಿನಗಳಾದವು, ಬಿಡದಿರುವುದು ನಿಶ್ಶಕ್ತಿ. ಓದಲು ಕುಳಿತರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಮೊದಲನೆಯ ಪುಟ ಮರೆತಿರುತ್ತದೆ. ಮಲಗಿದರೆ ನಿದ್ದೆ ಇಲ್ಲ, ಎದ್ದು ಕುಳಿತರೆ ತ್ರಾಣವಿಲ್ಲ. ಇಂಥ ಸ್ಥಿತಿಯಲ್ಲಿರುವವನಿಗೆ ಬೇಕಾದದ್ದು ಆತ್ಮೋನ್ನತಿಯಲ್ಲ, ಹನ್ನೊಂದು ಗಂಟೆಯಿಂದ ಹನ್ನೆರಡು ಗಂಟೆಯವರೆಗೆ ಮನಸ್ಸು ತನ್ನನ್ನೇ ಕಚ್ಚಿಕೊಳ್ಳದಂತೆ ಅದರ ಬಾಯಿಗೆ ಇಡಬಹುದಾದ ಒಂದು ಚೂರು ಕಡ್ಡಿ. ನನಗೆ ಸಿಕ್ಕಿರುವ ಕಡ್ಡಿಗಳೆಂದರೆ ಪತ್ರಿಕೆಯ ಪದಬಂಧ, ಸುಡೊಕು, ಹಳೆಯ ಲ್ಯಾಪ್‌ಟಾಪಿನಲ್ಲಿರುವ ಇಸ್ಪೀಟಿನ ಆಟ ಮತ್ತು ಕಿಟಕಿ. ಇವುಗಳಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಏನೂ ಇಲ್ಲ, ಅದಕ್ಕಾಗಿಯೇ ಅವು ನನಗೆ ಬೇಕು.

ಮನುಷ್ಯ ಕುಲದಲ್ಲಿ ನನ್ನ ಗೆಳೆಯನಂಥವರು ಎಲ್ಲ ಕಾಲದಲ್ಲೂ ಇದ್ದಿರಬೇಕು. ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಜಿಗ್ಸಾ ಆಟವನ್ನೇ ನೋಡಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರ ಮರದ ಹಲಗೆಯ ಮೇಲೆ ಭೂಪಟ ಅಂಟಿಸಿ, ದೇಶದೇಶಗಳ ಗಡಿಗುಂಟ ಕೊಯ್ದು ಮಾರಿದ್ದು ಮಕ್ಕಳಿಗೆ ಭೂಗೋಳ ಕಲಿಸಲೆಂದು. ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಸಾಲಿಟೇರ್ ಎಂಬ ಇಸ್ಪೀಟಿನ ಆಟ 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದಾಗಲೂ, ಮೌಸಿನಿಂದ ವಸ್ತುಗಳನ್ನು ಹಿಡಿದೆಳೆದು ಇನ್ನೊಂದೆಡೆ ಬಿಡುವುದನ್ನು ಜನ ಆಡುತ್ತಾಡುತ್ತಾ ರೂಢಿ ಮಾಡಿಕೊಳ್ಳಲಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅಂದರೆ ಎರಡೂ ಜನರ ಕೈಗೆ ಬಂದದ್ದು ಪಾಠಗಳಾಗಿ. ಪುಣ್ಯಕ್ಕೆ ಜನ ಪಾಠವನ್ನು ಮರೆತು ಆಟವನ್ನು ಉಳಿಸಿಕೊಂಡರು. ಇಲ್ಲವಾಗಿದ್ದರೆ ಇಂದು ಹಾಸಿಗೆ ಹಿಡಿದವರೆಲ್ಲ ಭೂಗೋಳದ ಪರೀಕ್ಷೆ ಬರೆಯುತ್ತಿರಬೇಕಿತ್ತು. ಈ ಸಾಲಿನಲ್ಲಿ ಪದಬಂಧ ಮಾತ್ರ ಹುಟ್ಟಿನಿಂದಲೇ ಪ್ರಾಮಾಣಿಕ. 1913ರ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ವಿನೋದದ ಪುರವಣಿಗಾಗಿ ಆರ್ಥರ್ ವಿನ್ ಅದನ್ನು ರಚಿಸಿದ. ಓದುಗರ ಭಾನುವಾರ ಕಳೆಯಲಿ ಎಂಬುದರ ಹೊರತು ಯಾವ ಘನ ಉದ್ದೇಶವೂ ಅದಕ್ಕೆ ಇರಲಿಲ್ಲ.

ಕಿಟಕಿಯ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ಹೊರಗಿನ ಮರವೊಂದನ್ನು ಗಂಟೆಗಟ್ಟಲೆ ನೋಡುತ್ತಿರುತ್ತೇನೆಂದು ಸಂಬಂಧಿಕರೊಬ್ಬರಿಗೆ ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಅವರು ಕೂಡಲೇ 1984ರ ಸಂಶೋಧನೆಯೊಂದನ್ನು ಹುಡುಕಿ ಕಳುಹಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಪರಿಶೀಲಿಸಿದಾಗ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ಹಾಸಿಗೆಯವರು ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಅವರಿಗೆ ಬಲವಾದ ನೋವುನಿವಾರಕಗಳೂ ಕಡಿಮೆ ಬೇಕಾಗಿದ್ದವು ಎಂಬುದು ಅದರ ಸಾರಾಂಶ. ಸಂಶೋಧನೆಯ ಬಗ್ಗೆ ನನ್ನ ತಕರಾರೇನೂ ಇಲ್ಲ, ಓದಿ ಸಂತೋಷವೂ ಆಯಿತು. ಆದರೆ ಅದರ ಬೆನ್ನಿಗೇ ‘ದಿನಕ್ಕೆ ಎರಡು ಬಾರಿ ಇಪ್ಪತ್ತು ನಿಮಿಷ ನೋಡು, ತಪ್ಪಿಸಬೇಡ’ ಎಂಬ ಆದೇಶ ಬಂದಿತು. ಅಲ್ಲಿಗೆ ನನ್ನ ಮರವೂ ಮಾತ್ರೆಯಾಯಿತು. ಆ ದಿನ ಪೂರ್ತಿ ಮರದ ಕಡೆಗೆ ಬೆನ್ನು ಮಾಡಿ ಮಲಗಿದ್ದೆ. ಮರುದಿನ ಅಳಿಲೊಂದು ಬಂದು ಕೊಂಬೆಯ ಮೇಲೆ ರಂಪ ಮಾಡಿದ್ದರಿಂದ ಹಟ ಬಿಡಬೇಕಾಯಿತು.

ಇಂಥ ಸಣ್ಣಪುಟ್ಟ ಕಾಲಹರಣವೇ ಚಟವಾಗಿ, ಒಂದು ಗಂಟೆ ಐದು ಗಂಟೆಯಾಗಿ, ದಣಿದವರು ಇನ್ನಷ್ಟು ದಣಿಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಮೊಬೈಲಿನ ಮಟ್ಟಿಗೆ ಈ ಮಾತು ನಿಜ. ಪರದೆಯನ್ನು ಎಷ್ಟು ಸರಿಸಿದರೂ ಮುಗಿಯದಂತೆ ಮಾಡುವ ಉಪಾಯವನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ತಾವೇ ಮುಂದೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಆದರೆ ತಳವಿಲ್ಲದ ಆ ಬಾವಿಗೂ ನನ್ನ ಸುಡೊಕುವಿಗೂ ಏನು ಸಂಬಂಧ? ಸುಡೊಕುವಿಗೆ ಇರುವುದು 81 ಮನೆಗಳು, ಇಸ್ಪೀಟಿನ ಕಟ್ಟಿನಲ್ಲಿ ಇರುವುದು 52 ಎಲೆಗಳು. ತುಂಬಿದ ಮೇಲೆ ಮುಗಿಯಿತು, ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಬಹುದು. ಯಾವಾಗ ಗುಣವಾಗುತ್ತದೆ ಎಂಬುದಕ್ಕೇ ಕೊನೆಯ ದಿನಾಂಕವಿಲ್ಲದೆ ಬಿದ್ದಿರುವವನಿಗೆ, ಅಂಚು ಇರುವ ವಸ್ತುವೊಂದು ಕೈಗೆ ಸಿಗುವುದು ಎಷ್ಟು ದೊಡ್ಡ ಸಮಾಧಾನವೆಂಬುದು ಮುಷ್ಟಿಯ ಚಿತ್ರ ಕಳುಹಿಸುವವರಿಗೆ ಅರ್ಥವಾಗುವುದಿಲ್ಲ.

ನನಗೂ ಅರ್ಥವಾಗಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಣ್ಣ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ್ದಾಗ, ಇದೇ ನಾನು ಇತಿಹಾಸದ ಮೂರು ದಪ್ಪ ಪುಸ್ತಕಗಳನ್ನು ಹೊತ್ತುಕೊಂಡು ಹೋಗಿ, ‘ಹೇಗೂ ಮನೆಯಲ್ಲೇ ಇದ್ದೀಯಲ್ಲಣ್ಣ, ಇವನ್ನು ಓದಿ ಮುಗಿಸು’ ಎಂದು ಕೊಟ್ಟು ಬಂದಿದ್ದೆ. ಅವನು ‘ಆಯಿತು’ ಎಂದಷ್ಟೇ ಹೇಳಿದ್ದ. ಹತ್ತು ದಿನ ಬಿಟ್ಟು ಹೋದಾಗ ಆ ಮೂರರಲ್ಲಿ ಅತ್ಯಂತ ಅಗಲವಾದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಪತ್ರಿಕೆ ಹರಡಿ ಪದಬಂಧ ಬಿಡಿಸುತ್ತಿದ್ದ. ಅಂದು ನನಗೆ ಬಂದ ಕೋಪವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮೊನ್ನೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನಿಗೆ ಪುಸ್ತಕಗಳ ನೆನಪೇ ಇರಲಿಲ್ಲ. ಅಡ್ಡಸಾಲಿನ ಐದಕ್ಷರದ ಪದವೊಂದು ಕೊನೆಗೂ ಹೊಳೆಯದೇ ಹೋಗಿದ್ದು ಮಾತ್ರ ಇನ್ನೂ ನೆನಪಿತ್ತು.

ಈಗ ನನ್ನ ಇತ್ತೀಚಿನ ಕಡ್ಡಿಯ ವಿಷಯಕ್ಕೆ ಬರುತ್ತೇನೆ. ಹಳೆಯ ವಿಂಡೋಸಿನಲ್ಲಿ ಫ್ರೀಸೆಲ್ ಎಂಬ ಇಸ್ಪೀಟಿನ ಆಟವಿದೆ. ಎಲ್ಲ ಎಲೆಗಳೂ ಮೊದಲಿನಿಂದಲೇ ಮುಖ ಮೇಲಾಗಿ ಎಂಟು ಸಾಲುಗಳಲ್ಲಿ ಹರಡಿರುತ್ತವೆ, ಅದೃಷ್ಟವನ್ನು ದೂರುವಂತಿಲ್ಲ. ಪ್ರತಿ ಆಟಕ್ಕೂ ಒಂದು ಸಂಖ್ಯೆಯಿದ್ದು, ಬೇಕಾದ ಸಂಖ್ಯೆಯನ್ನು ಕೊಟ್ಟು ಅದೇ ಆಟವನ್ನು ಮತ್ತೆ ಆಡಬಹುದು. ಮೊದಲ 32,000 ಆಟಗಳಲ್ಲಿ ಒಂದನ್ನುಳಿದು ಎಲ್ಲವನ್ನೂ ಗೆಲ್ಲಬಹುದು. ಯಾರಿಗೂ ಗೆಲ್ಲಲಾಗದ ಆ ಒಂದು ಆಟದ ಸಂಖ್ಯೆ 11982. ಅದನ್ನು ತಿಳಿದ ಕ್ಷಣದಿಂದ ನಾನು ಬೇರೆ ಆಟವನ್ನೇ ತೆರೆದಿಲ್ಲ. ಗೆಲ್ಲುವುದು ಸಾಧ್ಯವಿಲ್ಲವೆಂದು ಖಚಿತವಾಗಿ ಗೊತ್ತಿರುವ ಆಟದಲ್ಲಿ ಎಷ್ಟು ನಿರಾಳತೆಯಿದೆ ಎಂದು ಹೇಗೆ ವಿವರಿಸಲಿ? ಒಂದು ಎಲೆಯನ್ನು ಎತ್ತಿ ಇನ್ನೊಂದರ ಮೇಲಿಡುತ್ತೇನೆ, ಎಲೆಗಳನ್ನು ತಾತ್ಕಾಲಿಕವಾಗಿ ಇಡಲೆಂದಿರುವ ನಾಲ್ಕು ಖಾಲಿ ಮನೆಗಳೂ ತುಂಬಿಹೋಗುತ್ತವೆ, ಆಟ ಸಿಕ್ಕಿಹಾಕಿಕೊಳ್ಳುತ್ತದೆ, ನಾನು ದಿಂಬಿಗೆ ಒರಗುತ್ತೇನೆ. ಇಲ್ಲಿ ಪ್ರಗತಿಯೆಂಬುದೇ ಇಲ್ಲದ್ದರಿಂದ ಅದನ್ನು ಯಾರೂ ವಿಚಾರಿಸುವಂತಿಲ್ಲ.

ಸಂಜೆ ಕೋರ್ಸಿನ ಗೆಳೆಯ ಫೋನ್ ಮಾಡಿ, ‘ಇವತ್ತು ಏನು ಮಾಡಿದೆ?’ ಎಂದು ಕೇಳಿದ. ಸುಳ್ಳು ಹೇಳಲು ಶಕ್ತಿ ಬೇಕು, ನನ್ನಲ್ಲಿ ಅದಿರಲಿಲ್ಲ. ‘ಹನ್ನೊಂದು ಸಾವಿರದ ಒಂಬೈನೂರ ಎಂಬತ್ತೆರಡು’ ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ತುಂಬ ಸಂತೋಷದಿಂದ, ‘ಮನೆಯೊಳಗೇ ಅಷ್ಟು ಹೆಜ್ಜೆ ನಡೆದೆಯಾ? ಭೇಷ್! ನೋಡು, ಮನಸ್ಸು ಮಾಡಿದರೆ ಎಲ್ಲವೂ ಆಗುತ್ತದೆ’ ಎಂದ.

ನಾನು ತಿದ್ದಲು ಹೋಗಲಿಲ್ಲ.