ನವಣೆ ಬಿಟ್ಟಿದ್ದು ನಾವಲ್ಲ, ಕೊಳ್ಳುವವರು
"ರೈತರೇ ಹಳೆ ಬೆಳೆ ಕೈಬಿಟ್ಟರು" ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಸತ್ಯ ಸರ್. ನಮ್ಮದು ಜಗಳೂರು ಕಡೆ. ಅಪ್ಪನ ಕಾಲದಲ್ಲಿ ನವಣೆ ಹೊಲದಲ್ಲಿ ತೊಗರಿ, ಅಲಸಂದೆ, ಹುಚ್ಚೆಳ್ಳಿನ ಅಕ್ಕಡಿ ಸಾಲು, ಅಂದ್ರೆ ಮುಖ್ಯ ಬೆಳೆ ನಡುವೆ ಬಿತ್ತೋ ಮಿಶ್ರ ಬೆಳೆ ಸಾಲು, ಇರುತ್ತಿತ್ತು. ಹುಚ್ಚೆಳ್ಳು ಹಳದಿ ಹೂ ಬಿಟ್ಟರೆ ಹೊಲದ ತುಂಬಾ ಜೇನಿನ ಸದ್ದು. ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. ಕೋಳಿ ಆಹಾರಕ್ಕೆ, ಸ್ಟಾರ್ಚ್‌ಗೆ ಲೋಡುಗಟ್ಟಲೆ ಕೊಳ್ಳೋದು ಅದನ್ನೇ. ಹೋದ ವರ್ಷ ಆರು ಚೀಲ ನವಣೆ ಮಾರೋಕೆ ಒಯ್ದರೆ, "ಇಷ್ಟೇ ಮಾಲಿಗೆ ಯಾರು ಬರ್ತಾರೆ" ಅಂತ ಸಂಜೆವರೆಗೂ ಕೂರಿಸಿದರು. 2018ರಲ್ಲಿ ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಂದಾಗ ಗೊತ್ತಾಯ್ತು, ಒಂದೇ ಬೆಳೆ ಅಂದ್ರೆ ಹುಳಕ್ಕೂ ಹಬ್ಬ ಅಲ್ವಾ. ಆಹಾರ ಕಂಪನಿಗಳು ಪರಿಸರ ಕಾಳಜಿ ತೋರಿಸೋಕೆ ಸುಮ್ನೆ ಪ್ಯಾಕೆಟ್ ಮೇಲೆ ಹಸಿರು ಎಲೆ ಅಚ್ಚು ಹಾಕೋದು ಬಿಟ್ಟು, ಬಿತ್ತನೆಗೆ ಮೊದಲೇ ನವಣೆಗೆ ರೇಟು ಹೇಳಲಿ. ಆರು ಚೀಲ ಇದ್ದರೂ ಕೊಳ್ಳಲಿ.