40×60 ಸೈಟಿಗೆ ಶುಕ್ರದೆಸೆ

ಬೆಂಗಳೂರಿನಲ್ಲಿ 40×60 ಸೈಟಿಗೆ ಶುಕ್ರದೆಸೆ ಶುರುವಾಗಿದೆ. ಮನೆ ಕಟ್ಟಿಸಬೇಕಿಲ್ಲ, ಬಾಡಿಗೆದಾರರ ಕೊರಗು ಕೇಳಬೇಕಿಲ್ಲ. ಕಾಂಕ್ರೀಟ್ ಸುರಿದು, ನೀಲಿ ಬಣ್ಣ ಬಳಿದು, ಸುತ್ತ ಬಲೆ ಕಟ್ಟಿ ಫ್ಲಡ್‌ಲೈಟ್ ಹಾಕಿದರೆ ಪಿಕಲ್‌ಬಾಲ್ (ಟೆನಿಸ್‌ನ ಚಿಕ್ಕ ತಮ್ಮನಂಥ ಆಟ) ಕೋರ್ಟ್ ರೆಡಿ. ದುಡ್ಡು ಗಂಟೆ ಲೆಕ್ಕದಲ್ಲಿ. ಪಾಪ, 30×40ರವರದೇ ಗೋಳು. ಕೋರ್ಟಿನ ಉದ್ದವೇ 44 ಅಡಿ. ನಾಲ್ಕಡಿಗಾಗಿ ಯಾರಾದರೂ ಪಕ್ಕದವರ ಕಾಂಪೌಂಡ್ ಒಡೀತಾರಾ? (ಈ ಊರಲ್ಲಿ ಹೇಳೋಕಾಗಲ್ಲ, ಬಿಡಿ.)

ಈ ಆಟ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಸಿಯಾಟಲ್ ಹತ್ತಿರದ ಬೇನ್‌ಬ್ರಿಜ್ ದ್ವೀಪದಲ್ಲಿ. ಜೋಯಲ್ ಪ್ರಿಚರ್ಡ್ ಎಂಬ ರಾಜಕಾರಣಿಯ ಮನೆ. ಬೇಸಿಗೆ. ಮಕ್ಕಳಿಗೆ ಹೊತ್ತೇ ಹೋಗುತ್ತಿಲ್ಲ. ಹಿತ್ತಲಲ್ಲಿ ಹಳೇ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಆಡೋ ಸಾಮಾನು ಇರಲಿಲ್ಲ. ಪ್ರಿಚರ್ಡ್ ಮತ್ತು ಗೆಳೆಯ ಬಿಲ್ ಬೆಲ್ ಕೈಗೆ ಸಿಕ್ಕ ಟೇಬಲ್ ಟೆನಿಸ್ ಬ್ಯಾಟು, ತೂತು ತೂತಿನ ಪ್ಲಾಸ್ಟಿಕ್ ಚೆಂಡು ಕೊಟ್ಟು ಆಡಿಸಿದರು. ನೆಟ್ ಎತ್ತರವಾಯ್ತು ಅಂತ ಇಳಿಸಿದರು. ಆಮೇಲೆ ಬಾರ್ನಿ ಮೆಕಾಲಮ್ ಎಂಬ ಸ್ನೇಹಿತ ಪ್ಲೈವುಡ್ ಕೊಯ್ದು ಬ್ಯಾಟು ಮಾಡಿಕೊಟ್ಟ. ಖರ್ಚಿಲ್ಲದೆ ಮಕ್ಕಳ ಬಾಯಿ ಮುಚ್ಚಿಸೋ ಉಪಾಯ, ಅಷ್ಟೇ.

ನಮ್ಮ ಬೀದಿ ಹುಡುಗರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಖಾಲಿ ಸೈಟು, ಇಟ್ಟಿಗೆ ವಿಕೆಟ್ಟು, ಹಿಡಿ ಮುರಿದು ದಾರ ಸುತ್ತಿದ ಬ್ಯಾಟು. ಆದರೆ ಅದು ಗಲಾಟೆ. ಚೆಂಡು ಪಕ್ಕದ ಮನೆಯೊಳಗೆ ಬಿದ್ದರೆ ಅವರು ವಾಪಸ್ ಕೊಡುತ್ತಿರಲಿಲ್ಲ. ಈಗ ಅದೇ ಸೈಟಿನಲ್ಲಿ ಗಟ್ಟಿ ಬ್ಯಾಟಿಗೆ ಪ್ಲಾಸ್ಟಿಕ್ ಚೆಂಡು ರಾತ್ರಿ ಹನ್ನೊಂದರವರೆಗೆ ಟಕ್ ಟಕ್ ಟಕ್. ಇದು ಗಲಾಟೆಯಲ್ಲ, ವೆಲ್‌ನೆಸ್. ಆ ಹುಡುಗರು ಬಲೆಗೆ ಮೂಗು ಒತ್ತಿ ನೋಡುತ್ತಾರೆ. ಒಳಗೆ ಆಡೋರು ಪಕ್ಕದ ಕ್ರಾಸಿನಿಂದ ಕಾರಿನಲ್ಲಿ ಬಂದವರು. 11 ಪಾಯಿಂಟಿಗೆ ಒಂದು ಗೇಮು. ಅದು ಬೇಗ ಮುಗಿಯುತ್ತೆ. ಮುಗಿಯದೇ ಇರೋದು ನೆಟ್ ಪಕ್ಕದ ಗ್ರೂಪ್ ಫೋಟೊ. ಒಬ್ಬರ ಕಣ್ಣು ಮುಚ್ಚಿರುತ್ತೆ, ಇನ್ನೊಬ್ಬರ ಶೂ ಬ್ರ್ಯಾಂಡ್ ಕಾಣಲ್ಲ, ಮತ್ತೆ ತೆಗೆಯಬೇಕು. ಸ್ಟಾರ್ಟಪ್ಪಿಗೆ ಬಂಡವಾಳ ಕೇಳೋ ಮಾತೂ ಅಲ್ಲೇ.

ನಿದ್ದೆಗೆಟ್ಟ ಎದುರು ಮನೆಯ ನಿವೃತ್ತ ಮೇಷ್ಟ್ರು ಮೊನ್ನೆ ದೂರು ಹೇಳೋಕೆ ಹೋದರು. ಕೌಂಟರಿನ ಹುಡುಗ ಪೂರ್ತಿ ಕೇಳಿಸಿಕೊಂಡ. ಬಹಳ ಮರ್ಯಾದಸ್ಥ.

"ಹೇಗಿದ್ರೂ ನಿಮಗೆ ನಿದ್ದೆ ಬರಲ್ಲ ಅಂತೀರಿ, ಅಂಕಲ್. ಬೆಳಿಗ್ಗೆ ಐದರ ಸ್ಲಾಟ್ ಖಾಲಿ ಇದೆ. ಸೀನಿಯರ್ ಸಿಟಿಜನ್ ಡಿಸ್ಕೌಂಟೂ ಇದೆ, ಬುಕ್ ಮಾಡ್ಲಾ?"